27 ಮೀಟರ್ ಓಡಲು ಮೈದಾನಕ್ಕೆ ಹತ್ತು ಸುತ್ತು ಏಕೆ?

ಏಪ್ರಿಲ್‌ನಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವ ಶುರುವಾದರೆ ಮೊದಲ ವಾರದಲ್ಲೇ ಈ ದೃಶ್ಯ ಕಾಣಿಸುತ್ತದೆ. ಮೂವತ್ತು ದಾಟಿದ ಫಾರ್ವರ್ಡ್ ಆಟಗಾರ ಅರ್ಧಗೆರೆಯ ಹತ್ತಿರ ಪಾಸ್ ತೆಗೆದುಕೊಂಡು ನುಗ್ಗುತ್ತಾನೆ. ಹತ್ತು ಹೆಜ್ಜೆ, ಹೆಚ್ಚೆಂದರೆ ಹದಿನೈದು. ಇದ್ದಕ್ಕಿದ್ದಂತೆ ಕೈ ತೊಡೆಯ ಹಿಂಭಾಗಕ್ಕೆ ಹೋಗುತ್ತದೆ, ಸ್ಟಿಕ್ ಕೆಳಗೆ ಬೀಳುತ್ತದೆ. ಯಾರೂ ಅವನನ್ನು ಮುಟ್ಟಿರುವುದಿಲ್ಲ. ವಿರಾಜಪೇಟೆ ಕಡೆಯ ಒಂದು ಮೈದಾನದಲ್ಲಿ ಮಕ್ಕಳಿಗೆ ಹಾಕಿ ಹೇಳಿಕೊಡುವ ನಾನು, ಗೆರೆಯ ಆಚೆ ನಿಂತು ನೋಡಿದ ಇಷ್ಟು ವರ್ಷಗಳಲ್ಲಿ ಸ್ಟಿಕ್ ತಗುಲಿ ಹೊರಬಂದವರಿಗಿಂತ ಹೀಗೆ ಹೊರಬಂದವರನ್ನೇ ಹೆಚ್ಚು ಕಂಡಿದ್ದೇನೆ.

ಪೆವಿಲಿಯನ್‌ನಲ್ಲಿ ಕುಳಿತವರ ತೀರ್ಪು ಪ್ರತಿ ಸಲವೂ ಒಂದೇ: ‘ಸ್ಟ್ಯಾಮಿನಾ ಇಲ್ಲ. ಬೆಳಿಗ್ಗೆ ಎದ್ದು ನಾಲ್ಕು ಸುತ್ತು ಓಡಿದ್ದರೆ ಹೀಗಾಗುತ್ತಿರಲಿಲ್ಲ.’ ಈ ತೀರ್ಪು ತಪ್ಪು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆ ಆಟಗಾರನಿಗೆ ಉಸಿರು ಕಟ್ಟಿರಲಿಲ್ಲ, ಸ್ನಾಯು ಕೈಕೊಟ್ಟಿತ್ತು. ಇವೆರಡರ ನಡುವಿನ ವ್ಯತ್ಯಾಸವನ್ನು ಅತಿ ಹೆಚ್ಚು ಬೆಲೆ ತೆತ್ತು ಕಲಿತದ್ದು ನಮ್ಮ ಜಿಲ್ಲೆಯಲ್ಲಿ ಹೆಚ್ಚಿನವರು ಕಣ್ಣಾರೆ ನೋಡಿಯೂ ಇರದ ಒಂದು ಆಟ, ಅಮೆರಿಕದ ಬೇಸ್‌ಬಾಲ್. ವೃತ್ತಿಪರ ಬೇಸ್‌ಬಾಲ್ ಆಟಗಾರ ತನ್ನ ದೇಹವನ್ನು ಹೇಗೆ ಸಿದ್ಧಪಡಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಅಲ್ಲಿ ಸಿಗುತ್ತಿರುವ ಉತ್ತರ ನಮ್ಮ ಮೈದಾನಗಳಿಗೂ ಬೇಕಾಗಿದೆ.

ಆಟ ಏನನ್ನು ಕೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಬೇಸ್‌ಬಾಲ್‌ನಲ್ಲಿ ಓಟಗಾರ ಮುಟ್ಟಬೇಕಾದ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್. ಚೆಂಡು ಹೊಡೆದ ಬ್ಯಾಟರ್ ಮೊದಲ ಬೇಸ್ ಮುಟ್ಟಲು ನಾಲ್ಕರಿಂದ ನಾಲ್ಕೂವರೆ ಸೆಕೆಂಡ್ ಸಾಕು. ಪಿಚರ್, ಅಂದರೆ ಚೆಂಡು ಎಸೆಯುವವನು, 60 ಅಡಿ 6 ಅಂಗುಲ ದೂರದಿಂದ ಎಸೆದ ಚೆಂಡು ಅರ್ಧ ಸೆಕೆಂಡಿಗೂ ಮುಂಚೆ ಬ್ಯಾಟರ್ ಬಳಿ ತಲುಪುತ್ತದೆ. ಆಮೇಲೆ ಎಲ್ಲರೂ ನಿಲ್ಲುತ್ತಾರೆ. 2023ರಲ್ಲಿ ಎಸೆತಗಳ ನಡುವೆ ಗಡಿಯಾರ ಇಡುವ ನಿಯಮ ಬಂತು. ಈಗ ಬೇಸ್ ಖಾಲಿಯಿದ್ದರೆ 15 ಸೆಕೆಂಡ್, ಓಟಗಾರ ಇದ್ದರೆ 18 ಸೆಕೆಂಡ್ ಒಳಗೆ ಪಿಚರ್ ಎಸೆತ ಶುರು ಮಾಡಬೇಕು. ಅಂದರೆ ಈ ಆಟ ಕ್ಷಣಾರ್ಧದ ಸ್ಫೋಟ, ಬಿಡುವು, ಮತ್ತೆ ಸ್ಫೋಟ. ಇದು ದಿನವೂ ನಡೆಯುತ್ತದೆ. ಅಲ್ಲಿನ ಅತ್ಯುನ್ನತ ಮಟ್ಟದ ಮೇಜರ್ ಲೀಗ್‌ನಲ್ಲಿ ಒಂದು ತಂಡ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗಿನ ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ.

ಇಂಥ ಆಟಕ್ಕೆ ದಶಕಗಳ ಕಾಲ ನಡೆದ ತಯಾರಿ ಯಾವುದು ಗೊತ್ತೇ? ನಿಧಾನ ಓಟ. ಮೈದಾನದ ಒಂದು ಮೂಲೆಯ ಕಂಬದಿಂದ ಇನ್ನೊಂದು ಮೂಲೆಯ ಕಂಬಕ್ಕೆ ಪಿಚರ್‌ಗಳನ್ನು ಓಡಿಸುವುದು ಅಲ್ಲಿನ ಕೋಚ್‌ಗಳ ಸಂಪ್ರದಾಯವಾಗಿತ್ತು. ನಮ್ಮ ಪಿ.ಟಿ. ಮೇಷ್ಟ್ರು ‘ಮೈದಾನಕ್ಕೆ ಹತ್ತು ಸುತ್ತು’ ಎನ್ನುತ್ತಿದ್ದಂತೆಯೇ. ಎಷ್ಟು ದಣಿದೆಯೋ ಅಷ್ಟು ಗಟ್ಟಿಯಾದೆ ಎಂಬುದು ಆ ನಂಬಿಕೆ. ಆದರೆ ದೇಹ ಅಭ್ಯಾಸ ಮಾಡಿದ್ದನ್ನಷ್ಟೇ ಕಲಿಯುತ್ತದೆ. ಹತ್ತು ಸೆಕೆಂಡ್ ಒಳಗಿನ ಪೂರ್ಣಬಲದ ಕೆಲಸಕ್ಕೆ ಶಕ್ತಿ ಬರುವುದು ಸ್ನಾಯುವಿನಲ್ಲಿ ಆಗಲೇ ಕೂಡಿಟ್ಟ ಇಂಧನದಿಂದ. ಅದು ಖರ್ಚಾದರೆ ಮತ್ತೆ ತುಂಬಲು ಒಂದೆರಡು ನಿಮಿಷದ ಬಿಡುವು ಬೇಕು. ಅರ್ಧ ಗಂಟೆ ಒಂದೇ ಗತಿಯಲ್ಲಿ ಓಡಿದವನ ಸ್ನಾಯು ಒಂದೇ ಗತಿಯಲ್ಲಿ ಓಡುವುದನ್ನು ಕಲಿತಿರುತ್ತದೆ. ಹೃದಯ, ಶ್ವಾಸಕೋಶಕ್ಕೆ ಅದು ಒಳ್ಳೆಯದು. ಪಂದ್ಯದ ಮರುದಿನ ಮೈ ಹಗುರಾಗಲೂ ಸಹಾಯ ಮಾಡುತ್ತದೆ. ಆದರೆ ಪೂರ್ಣವೇಗದ ಹೆಜ್ಜೆಯನ್ನು ಅದು ಕಲಿಸುವುದಿಲ್ಲ. ಶಿಕ್ಷೆಯಾಗಿ ಓಡಿಸುವ ಸುತ್ತುಗಳಂತೂ ಮಕ್ಕಳಿಗೆ ಓಟವನ್ನೇ ದ್ವೇಷಿಸಲು ಕಲಿಸುತ್ತವೆ.

ಭಾರ ಎತ್ತುವ ವಿಷಯದಲ್ಲೂ ಬೇಸ್‌ಬಾಲ್ ಬಹಳ ತಡವಾಗಿ ಕಣ್ಣು ತೆರೆಯಿತು. ಕಬ್ಬಿಣ ಎತ್ತಿದರೆ ಸ್ನಾಯು ಬಿಗಿಯುತ್ತದೆ, ತೋಳು ಆಡುವುದಿಲ್ಲ ಎಂಬ ಭಯ 1970ರ ದಶಕದಲ್ಲೂ ಗಟ್ಟಿಯಾಗಿತ್ತು. ಆ ಭಯವನ್ನು ಲೆಕ್ಕಿಸದೆ ಭಾರ ಎತ್ತಿದವರಲ್ಲಿ ಮೊದಲಿಗರು ಪಿಚರ್ ನೋಲನ್ ರಯಾನ್. ಪಂದ್ಯ ಮುಗಿದ ಮೇಲೂ ನಿಂತಲ್ಲೇ ತುಳಿಯುವ ಸೈಕಲ್ ಹತ್ತುತ್ತಿದ್ದ ಅವರು 27 ಋತುಗಳನ್ನು ಆಡಿ, 1993ರಲ್ಲಿ 46ನೇ ವಯಸ್ಸಿನಲ್ಲಿ ನಿವೃತ್ತರಾದರು. ಎಸೆತಗಳಿಂದಲೇ ಬ್ಯಾಟರ್‌ನನ್ನು ಔಟ್ ಮಾಡುವ ಸ್ಟ್ರೈಕ್‌ಔಟ್‌ಗಳಲ್ಲಿ ಅವರ 5714ರ ದಾಖಲೆ ಇನ್ನೂ ಮುರಿದಿಲ್ಲ. ಈಗ ಜಿಮ್ ಇಲ್ಲದ ತಂಡವೇ ಅಲ್ಲಿಲ್ಲ. ಆದರೆ ಜಿಮ್‌ನಲ್ಲಿ ಅವರು ಹೆಚ್ಚು ಹೊತ್ತು ಕಳೆಯುವುದು ತೋಳಿನ ಗಾತ್ರಕ್ಕಾಗಿ ಅಲ್ಲ. ತೊಡೆ, ಪೃಷ್ಠ, ಸೊಂಟ, ಬೆನ್ನಿಗಾಗಿ.

ಕಾರಣ ಸರಳ. ಚೆಂಡನ್ನು ಎಸೆಯುವುದು ಕೈ ಎಂದು ನಮಗೆ ಕಾಣುತ್ತದೆ, ಆದರೆ ಬಲ ಹುಟ್ಟುವುದು ನೆಲದಲ್ಲಿ. ಪಾದ ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ, ಆಮೇಲೆ ಭುಜ, ಮೊಣಕೈ, ಕೊನೆಗೆ ಮಣಿಕಟ್ಟು. ತೋಟದಲ್ಲಿ ಕತ್ತಿ ಬೀಸಿ ಪಳಗಿದವರನ್ನು ನೋಡಿ. ಅವರು ಕೈಯಿಂದ ಬೀಸುವುದೇ ಇಲ್ಲ, ನಿಂತ ಕಾಲು ಮತ್ತು ತಿರುಗುವ ಸೊಂಟದಿಂದ ಬೀಸುತ್ತಾರೆ. ಅದಕ್ಕೇ ಸಂಜೆಯವರೆಗೂ ಅವರ ಭುಜ ನೋಯುವುದಿಲ್ಲ. ಹೊಸಬ ಕೈಯಿಂದ ಬೀಸುತ್ತಾನೆ, ಮಧ್ಯಾಹ್ನಕ್ಕೇ ಕುಳಿತುಬಿಡುತ್ತಾನೆ. ಹಾಕಿಯ ಡ್ರ್ಯಾಗ್‌ಫ್ಲಿಕ್ ಕೂಡ ಇದೇ ಸರಪಳಿ. ಕೊಡಗಿನ ವಿ.ಆರ್. ರಘುನಾಥ್ ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಎಳೆದು ಚಿಮ್ಮಿಸುತ್ತಿದ್ದ ಬಲ ಅಗಲ ಹೆಜ್ಜೆಯಿಂದ, ತಗ್ಗಿದ ಸೊಂಟದ ತಿರುವಿನಿಂದ ಬರುತ್ತಿತ್ತು. ಸರಪಳಿಯ ಒಂದು ಕೊಂಡಿ ದುರ್ಬಲವಾದರೆ ಮುಂದಿನ ಕೊಂಡಿ ಅದರ ಕೆಲಸವನ್ನೂ ಹೊರಬೇಕಾಗುತ್ತದೆ. ಸೊಂಟ ತಿರುಗದ ಪಿಚರ್‌ಗೆ ಮೊಣಕೈ ನೋಯುತ್ತದೆ. ಸೊಂಟ ಬಿಗಿದ ಡ್ರ್ಯಾಗ್‌ಫ್ಲಿಕ್ಕರ್‌ಗೆ ಕೆಳಬೆನ್ನು.

ಇಲ್ಲಿಗೆ ಬಂದರೆ ಬೇಸ್‌ಬಾಲ್‌ನ ದೊಡ್ಡ ಸಂಕಟ ಎದುರಾಗುತ್ತದೆ. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಪಿಚರ್ ಟಾಮಿ ಜಾನ್ ಅವರ ಎಡ ಮೊಣಕೈಯ ಒಳಬದಿಯ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಕಟ್ಟು, ಹರಿಯಿತು. ಅಲ್ಲಿಯವರೆಗೆ ಆ ಗಾಯ ಎಂದರೆ ಆಟದ ಕೊನೆ. ವೈದ್ಯ ಫ್ರಾಂಕ್ ಜೋಬ್, ಟಾಮಿ ಜಾನ್ ಅವರ ಬಲಗೈಯಿಂದ ಒಂದು ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ) ತೆಗೆದು ಎಡ ಮೊಣಕೈಗೆ ಕಟ್ಟಿದರು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದು ಜೋಬ್ ಅವರೇ ಅಂದಾಜಿಸಿದ್ದರು. ಟಾಮಿ ಜಾನ್ 1976ರಲ್ಲಿ ಮರಳಿದರು, 1989ರವರೆಗೆ ಆಡಿದರು, ಶಸ್ತ್ರಚಿಕಿತ್ಸೆಯ ನಂತರವೇ 164 ಪಂದ್ಯ ಗೆದ್ದರು. ಆ ಶಸ್ತ್ರಚಿಕಿತ್ಸೆಗೆ ಅವರದ್ದೇ ಹೆಸರು ಉಳಿಯಿತು.

ಒಬ್ಬನ ಪುನರ್ಜನ್ಮವಾಗಿದ್ದ ಆ ಚಿಕಿತ್ಸೆ ಈಗ ದಿನನಿತ್ಯದ ಮಾತಾಗಿದೆ. ಮೇಜರ್ ಲೀಗ್ ಮತ್ತು ಅದರ ಕೆಳಗಿನ ಮೈನರ್ ಲೀಗ್‌ಗಳಲ್ಲಿ 2010ರಲ್ಲಿ 104 ಇದ್ದ ಮೊಣಕೈ ಲಿಗಮೆಂಟ್ ಶಸ್ತ್ರಚಿಕಿತ್ಸೆಗಳು 2024ರಲ್ಲಿ 281 ಆಗಿದ್ದವು. ಇದೇ ಅವಧಿಯಲ್ಲಿ ಆಟಗಾರರ ಊಟ, ನಿದ್ದೆ, ಜಿಮ್, ವೈದ್ಯಕೀಯ ನೆರವು ಎಲ್ಲವೂ ಹಿಂದೆಂದಿಗಿಂತ ಚೆನ್ನಾಗಿದ್ದವು. ಹಾಗಿದ್ದೂ ಏಕೆ? 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ತಾನೇ ಹೊರತಂದ ವರದಿ ಬೊಟ್ಟು ಮಾಡಿದ್ದು ವೇಗದ ಬೆನ್ನಟ್ಟುವಿಕೆಯ ಕಡೆಗೆ. 2008ರಲ್ಲಿ ಗಂಟೆಗೆ ಸುಮಾರು 147 ಕಿ.ಮೀ. ಇದ್ದ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2024ಕ್ಕೆ 151 ದಾಟಿದೆ. ಹಿಂದಿನ ಪಿಚರ್‌ಗಳು ಬೇಕಾದಾಗ ಮಾತ್ರ ಪೂರ್ಣಬಲ ಹಾಕುತ್ತಿದ್ದರು. ಇಂದಿನವರು ಪ್ರತಿ ಎಸೆತಕ್ಕೂ ಹಾಕುತ್ತಾರೆ. ಚೆಂಡು ಬಿಡುವ ಗಳಿಗೆಯಲ್ಲಿ ಭುಜ ಒಳಕ್ಕೆ ತಿರುಗುವ ವೇಗ ಸೆಕೆಂಡಿಗೆ 7000 ಡಿಗ್ರಿ. ಅದೇ ವೇಗದಲ್ಲಿ ತಿರುಗುತ್ತಲೇ ಇರಲು ಸಾಧ್ಯವಿದ್ದರೆ ಒಂದು ಸೆಕೆಂಡಿನಲ್ಲಿ ಹತ್ತೊಂಬತ್ತು ಸುತ್ತು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ. ಸ್ನಾಯುರಜ್ಜು, ಲಿಗಮೆಂಟ್ ಅಷ್ಟು ಬೇಗ ಬಲಿಯುವುದಿಲ್ಲ, ಅವಕ್ಕೆ ರಕ್ತಸಂಚಾರವೇ ಕಡಿಮೆ. ಎಂಜಿನ್ ದೊಡ್ಡದಾಗಿ, ಬ್ರೇಕ್ ಮತ್ತು ಕಟ್ಟುಗಳು ಹಳೆಯವೇ ಉಳಿದರೆ ಘಾಟಿ ರಸ್ತೆಯಲ್ಲಿ ಏನಾಗುತ್ತದೆ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ವೃತ್ತಿಪರ ಪಿಚರ್‌ಗೆ ಬೇಕಾದ ಫಿಟ್‌ನೆಸ್‌ನಲ್ಲಿ ಅರ್ಧ ಪಾಲು ಬಲ ಗಳಿಸುವುದು, ಇನ್ನರ್ಧ ಆ ಬಲವನ್ನು ಎಷ್ಟು ಸಲ, ಎಷ್ಟು ಬಿಡುವಿನ ನಂತರ ಖರ್ಚು ಮಾಡಬೇಕೆಂಬ ಲೆಕ್ಕ. ಐದಾರು ದಿನಕ್ಕೊಮ್ಮೆ ಕಣಕ್ಕಿಳಿಯುವ ಪಿಚರ್ ಮರುದಿನ ಹಗುರವಾಗಿ ಮೈ ಆಡಿಸುತ್ತಾನೆ, ಕಾಲಿಗೆ ಭಾರ ಹಾಕುತ್ತಾನೆ, ಒಂದು ದಿನ ಕಡಿಮೆ ಬಲದಲ್ಲಿ ಎಸೆದು ನೋಡುತ್ತಾನೆ. ಎಸೆತಗಳನ್ನು ಒಬ್ಬರು ಎಣಿಸುತ್ತಲೇ ಇರುತ್ತಾರೆ.

ಈ ಲೆಕ್ಕ ಭಾರತದ ಇಬ್ಬರು ಹುಡುಗರ ಬದುಕಿನಲ್ಲೂ ಬಂತು. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಜಾವೆಲಿನ್ ಎಸೆಯುತ್ತಿದ್ದವರು. 2008ರಲ್ಲಿ ವೇಗವಾಗಿ ಚೆಂಡು ಎಸೆಯುವ ಸ್ಪರ್ಧೆಯೊಂದರಲ್ಲಿ ಮಿಂಚಿ, ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಕ್ರಿಕೆಟಿಗರನ್ನು ಬಿಟ್ಟು ಜಾವೆಲಿನ್ ಹುಡುಗರು ಗೆದ್ದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ, ಕಾಲಿನಿಂದ ಕೈಗೆ ಬಲ ಸಾಗಿಸುವುದು ಅವರಿಗೆ ಮೊದಲೇ ಗೊತ್ತಿತ್ತು. ದಿನೇಶ್ 2010ರಲ್ಲಿ ಹಿಂದಿರುಗಿದರು. ರಿಂಕು ಮೈನರ್ ಲೀಗ್‌ನಲ್ಲಿ ಮುಂದುವರಿದರು, ಆದರೆ 2012ರ ನಂತರದ ಋತುಗಳನ್ನು ಗಾಯಗಳು ನುಂಗಿದವು.

ಪಿಚರ್ ಅಲ್ಲದವರ ಕಥೆ ಬೇರೆ. ಮೈದಾನದಲ್ಲಿ ಓಡುವ ಬೇಸ್‌ಬಾಲ್ ಆಟಗಾರರನ್ನು ಅತಿ ಹೆಚ್ಚು ಕಾಡುವುದು ನಮ್ಮ ಏಪ್ರಿಲ್‌ನದ್ದೇ ಗಾಯ: ಹ್ಯಾಮ್‌ಸ್ಟ್ರಿಂಗ್. ಪೂರ್ಣವೇಗದಲ್ಲಿ ಓಡುವಾಗ ಕಾಲು ಮುಂದಕ್ಕೆ ಬೀಸಿ ನೆಲ ಮುಟ್ಟುವ ಮುನ್ನ, ಆ ಬೀಸನ್ನು ತಡೆಹಿಡಿಯುವ ಕೆಲಸ ತೊಡೆಯ ಹಿಂಭಾಗದ ಈ ಸ್ನಾಯುವಿನದು. ಅದು ಉದ್ದಕ್ಕೆ ಎಳೆಯಲ್ಪಡುತ್ತಲೇ ಬಿಗಿಹಿಡಿಯಬೇಕು. ನಿಧಾನ ಓಟದಲ್ಲಿ ಈ ಕೆಲಸ ಅದಕ್ಕೆ ಇಷ್ಟು ಬಿರುಸಾಗಿ ಬೀಳುವುದಿಲ್ಲ.

‘ದಿನಾ ತೋಟದಲ್ಲಿ ಗುಡ್ಡ ಹತ್ತಿ ಇಳಿಯೋರು ನಾವು, ನಮಗೆ ಬೇರೆ ಟ್ರೈನಿಂಗ್ ಯಾಕೆ ಸರ್?’ ಎಂದು ನನ್ನನ್ನು ಕೇಳಿದ ಬೆಳೆಗಾರರು ಒಬ್ಬಿಬ್ಬರಲ್ಲ. ಮಾತು ನ್ಯಾಯವಾದದ್ದೇ. ಐವತ್ತು ಕಿಲೋ ಕಾಫಿ ಮೂಟೆ ಹೊತ್ತು ಏರು ಹತ್ತುವವರ ತೊಡೆ, ಬೆನ್ನು, ಉಸಿರು ಪಟ್ಟಣದ ಯಾವ ಜಿಮ್ ಹುಡುಗನಿಗೂ ಕಡಿಮೆಯಲ್ಲ. ಆದರೆ ಏರು ಹತ್ತುವಾಗ ಹೆಜ್ಜೆ ಗಿಡ್ಡ, ವೇಗ ಕಡಿಮೆ, ಹ್ಯಾಮ್‌ಸ್ಟ್ರಿಂಗ್ ಪೂರ್ತಿ ಚಾಚುವುದಿಲ್ಲ. ವರ್ಷವಿಡೀ ಒಮ್ಮೆಯೂ ಪೂರ್ಣವೇಗದಲ್ಲಿ ಓಡದ ಆ ಕಾಲನ್ನು ಏಪ್ರಿಲ್‌ನ ಒಂದು ಮಧ್ಯಾಹ್ನ, ಊರೆಲ್ಲ ಕೂಗುತ್ತಿರುವಾಗ, ಎದುರಾಳಿಯ ಹದಿನೆಂಟರ ಹುಡುಗನ ಬೆನ್ನು ಹತ್ತಿಸುತ್ತೇವೆ. ಅದರ ಮೇಲೆ, ಬೆಂಗಳೂರು, ಮೈಸೂರಿನಲ್ಲಿ ಕೆಲಸದಲ್ಲಿರುವವರು ಐದಾರು ಗಂಟೆ ಕಾರಿನಲ್ಲಿ ಕುಳಿತು ಬಂದು ನೇರ ಮೈದಾನಕ್ಕಿಳಿಯುತ್ತಾರೆ. ಬೇಸ್‌ಬಾಲ್‌ನಲ್ಲಿ ಆಟದ ನಡುವೆ ಬದಲಿಯಾಗಿ ಬರುವ ಪಿಚರ್ ಕೂಡ ಬದಿಯಲ್ಲಿ ಎಸೆದು ಮೈ ಬಿಸಿಮಾಡಿಕೊಳ್ಳದೆ ಒಳಗೆ ಬರುವುದಿಲ್ಲ.

1997ರಲ್ಲಿ ಪಾಂಡಂಡ ಕುಟ್ಟಪ್ಪನವರ ಮುತುವರ್ಜಿಯಿಂದ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುವಾದ ಈ ಉತ್ಸವಕ್ಕೆ 2025ರ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ 396 ಕುಟುಂಬಗಳು ಹೆಸರು ಕೊಟ್ಟಿದ್ದವು. ಅಜ್ಜ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವ ಇಂಥ ಪಂದ್ಯಾವಳಿ ಬೇರೆಲ್ಲಿದೆ? ಅದಕ್ಕಾಗಿಯೇ ನನಗೆ ಈ ಗಾಯಗಳು ಸಣ್ಣ ವಿಷಯವಾಗಿ ಕಾಣುವುದಿಲ್ಲ. ಒಕ್ಕದ, ಅಂದರೆ ಮನೆತನದ, ಹೆಸರು ಹೊತ್ತು ಬಂದವನು ಹದಿನೈದನೇ ನಿಮಿಷಕ್ಕೆ ಕುಂಟುತ್ತಾ ಹೊರಹೋಗಿ, ತಿಂಗಳುಗಟ್ಟಲೆ ತೋಟದ ಕೆಲಸವನ್ನೂ ಬಿಡಬೇಕಾದರೆ ನಷ್ಟ ಒಂದು ಪಂದ್ಯದ್ದಲ್ಲ.

ಹಾಗೆಂದು ಬೇಸ್‌ಬಾಲ್‌ನ ತಯಾರಿಯನ್ನು ಹಾಕಿಗೆ ಇಡಿಯಾಗಿ ತರಲಾಗದು. ಹಾಕಿ ಮೈದಾನ 91 ಮೀಟರ್ ಉದ್ದ, ಆಟಗಾರ ಒಂದು ಪಂದ್ಯದಲ್ಲಿ ಹಲವು ಕಿಲೋಮೀಟರ್ ಓಡುತ್ತಾನೆ, ಉಸಿರಿನ ಬುನಾದಿ ಬೇಕೇ ಬೇಕು. ತರಬೇಕಾದ್ದು ಅವರ ಪಂಚಾಂಗವನ್ನು. ನವೆಂಬರ್‌ನಿಂದ ಜನವರಿವರೆಗೆ ಅವರಿಗೆ ಬಿಡುವಿನ ಕಾಲ. ಮೊದಲು ಎಸೆತದಿಂದ ಪೂರ್ತಿ ವಿಶ್ರಾಂತಿ, ಆಮೇಲೆ ಭಾರ ಎತ್ತುವುದು, ಆಮೇಲೆ ಹತ್ತಿರದಿಂದ ಹಗುರ ಎಸೆತ, ವಾರ ವಾರಕ್ಕೂ ದೂರ ಹೆಚ್ಚು. ಫೆಬ್ರುವರಿ ಮಧ್ಯದಲ್ಲಿ ಅರಿಜೋನಾ, ಫ್ಲಾರಿಡಾದ ಶಿಬಿರ. ಮಾರ್ಚ್ ಕೊನೆಗೆ ಪಂದ್ಯ. ನಮ್ಮಲ್ಲಿ ಸುಗ್ಗಿಹಬ್ಬ ಪುತ್ತರಿಯಿಂದ ಕಾಫಿ ಹೂವರಳಿಸುವ ಹೂಮಳೆಯವರೆಗಿನ ಕಾಲ ಅದೇ. ಆ ತಿಂಗಳುಗಳಲ್ಲಿ ಅರೇಬಿಕಾ, ರೋಬಸ್ಟಾ ಕುಯ್ಲು ಇರುತ್ತದೆ, ಪುರುಸೊತ್ತಿಲ್ಲ, ಒಪ್ಪುತ್ತೇನೆ. ವಾರಕ್ಕೆ ಮೂರು ದಿನ, ಅರ್ಧ ಗಂಟೆ ಸಾಕು.

ಜನವರಿಯಲ್ಲಿ ಹಗುರ ಓಟ, ಕುಳಿತು ಏಳುವುದು, ಒಂಟಿ ಕಾಲಿನ ವ್ಯಾಯಾಮ, ಮೀನಖಂಡಕ್ಕೆ ಹಿಮ್ಮಡಿ ಎತ್ತುವುದು. ಜೊತೆಗೆ ಹ್ಯಾಮ್‌ಸ್ಟ್ರಿಂಗ್‌ಗೆ ನಾರ್ಡಿಕ್ ವ್ಯಾಯಾಮ: ಮಂಡಿಯೂರಿ ಕುಳಿತವನ ಹಿಮ್ಮಡಿಗಳನ್ನು ಇನ್ನೊಬ್ಬರು ಒತ್ತಿ ಹಿಡಿಯಬೇಕು, ಅವನು ಬೆನ್ನು ನೇರವಾಗಿಟ್ಟು ಎಷ್ಟು ನಿಧಾನವಾಗಿ ಆದೀತೋ ಅಷ್ಟು ನಿಧಾನವಾಗಿ ಮುಂದಕ್ಕೆ ಬಾಗಬೇಕು. ಕ್ರೀಡಾಪಟುಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ಒಂದು ವ್ಯಾಯಾಮದಿಂದಲೇ ಹ್ಯಾಮ್‌ಸ್ಟ್ರಿಂಗ್ ಗಾಯ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಖರ್ಚು ಒಂದು ಗೋಣಿಚೀಲದ್ದು, ಮಂಡಿಯ ಕೆಳಗೆ ಹಾಸಲು. ವಾರಕ್ಕೆ ಎರಡು ದಿನ, ಮೊದಲಿಗೆ ನಾಲ್ಕೈದು ಸಲ. ಮರುದಿನ ನೋಯುತ್ತದೆ, ಮೂರನೇ ವಾರಕ್ಕೆ ಆ ನೋವು ಹೋಗುತ್ತದೆ.

ಫೆಬ್ರುವರಿಯಲ್ಲಿ ವೇಗದ ಓಟ ಶುರು, ಅದೂ ಏರಿನಲ್ಲಿ. ಇದು ನಮ್ಮ ಊರು ಕೊಟ್ಟ ವರ. ಏರಿನಲ್ಲಿ ಎಷ್ಟೇ ಬಲ ಹಾಕಿದರೂ ವೇಗ ಮಿತಿ ಮೀರುವುದಿಲ್ಲ, ಕಾಲು ಅತಿಯಾಗಿ ಚಾಚುವುದಿಲ್ಲ. ಹಾಗಾಗಿ ಸ್ನಾಯು ಹರಿಯುವ ಭಯ ಕಡಿಮೆ, ಬಲ ಮಾತ್ರ ಬರುತ್ತದೆ. ಇಪ್ಪತ್ತು ಮೀಟರ್, ಆರು ಸಲ, ಪ್ರತಿ ಓಟದ ನಂತರ ನಡೆದು ಕೆಳಗಿಳಿದು ಉಸಿರು ತಹಬಂದಿಗೆ ಬರುವವರೆಗೆ ನಿಲ್ಲಬೇಕು. ಈ ನಿಲ್ಲುವುದನ್ನೇ ಜನ ಒಪ್ಪುವುದಿಲ್ಲ, ಸೋಮಾರಿತನ ಎಂದುಕೊಳ್ಳುತ್ತಾರೆ. ನಿಲ್ಲದಿದ್ದರೆ ಮುಂದಿನ ಓಟ ವೇಗದ ಓಟವಾಗಿರುವುದಿಲ್ಲ, ದಣಿದ ಓಟವಾಗುತ್ತದೆ. ಮಾರ್ಚ್‌ನಲ್ಲಿ ಸಮತಟ್ಟಿನ ಹುಲ್ಲಿನ ಮೇಲೆ ಮೂವತ್ತು ಮೀಟರ್, ವಾರ ವಾರಕ್ಕೂ ವೇಗ ಹೆಚ್ಚಿಸುತ್ತಾ. ಕೊನೆಯ ಎರಡು ವಾರ ಸ್ಟಿಕ್ ಹಿಡಿದು, ತಗ್ಗಿ, ತಿರುಗಿ, ಮತ್ತೆ ನುಗ್ಗುವುದು.

ವಯಸ್ಸಾಯಿತು ಎನ್ನುವವರಿಗೆ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರನ್ನು ನೆನಪಿಸುತ್ತೇನೆ. ಮಂಡಿಯ ಮೃದ್ವಸ್ಥಿ ಸವೆದು ಹೋಗಿ ನೋವುನಿವಾರಕ ನುಂಗುತ್ತಾ ಆಡುತ್ತಿದ್ದ ದಿನಗಳ ಬಗ್ಗೆ ಅವರೇ ಹೇಳಿಕೊಂಡಿದ್ದಾರೆ. ಅಯ್ಯಂಗಾರ್ ಯೋಗದಿಂದ ಸೊಂಟ, ತೊಡೆಗಳನ್ನು ಸರಿಹೊಂದಿಸಿಕೊಂಡು, 2024ರ ಜನವರಿಯಲ್ಲಿ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರು. ಅವರು ಇನ್ನೂ ಹೆಚ್ಚು ಮಾಡಲು ಹೋಗಲಿಲ್ಲ, ಬೇಕಾದ್ದನ್ನು ಹುಡುಕಿ ಮಾಡಿದರು.

ಜಿಮ್‌ಗಳಲ್ಲಿ ಮಾರುವ ಡಬ್ಬಗಳ ಬಗ್ಗೆ ಒಂದೇ ಮಾತು. ಬೇಸ್‌ಬಾಲ್ ಸ್ಟಿರಾಯ್ಡ್‌ಗೆ ತನ್ನ ಒಂದು ತಲೆಮಾರಿನ ದಾಖಲೆಗಳ ಮರ್ಯಾದೆಯನ್ನೇ ಕಳೆದುಕೊಂಡಿತು, 2007ರ ಮಿಚೆಲ್ ವರದಿಯಲ್ಲಿ ಅದೆಲ್ಲ ಇದೆ. ಮೊಟ್ಟೆ, ಮೀನು, ಕೋಳಿ, ಹಂದಿ, ಬೇಳೆ, ಹಾಲು ಸಿಗುವ ಊರಿನಲ್ಲಿ ಹದಿನೇಳರ ಹುಡುಗನಿಗೆ ಹೆಸರು ತಿಳಿಯದ ಪುಡಿ ಬೇಡ.

ನನಗೆ ಹೆಚ್ಚು ಚಿಂತೆ ಇರುವುದು ಮಕ್ಕಳದ್ದು. ಅಮೆರಿಕದಲ್ಲಿ ವರ್ಷಕ್ಕೆ 100 ಇನ್ನಿಂಗ್ಸ್‌ಗಿಂತ ಹೆಚ್ಚು ಪಿಚ್ ಮಾಡಿದ ಮಕ್ಕಳು ಉಳಿದವರಿಗಿಂತ ಮೂರೂವರೆ ಪಟ್ಟು ಹೆಚ್ಚು ಗಾಯಗೊಂಡಿದ್ದನ್ನು 2011ರ ಅಧ್ಯಯನವೊಂದು ತೋರಿಸಿತು. 2014ರಲ್ಲಿ ಅಲ್ಲಿ ವಯಸ್ಸಿಗೆ ತಕ್ಕ ಮಿತಿ ಗೊತ್ತುಮಾಡಿದರು: 9-10 ವರ್ಷದವರಿಗೆ ದಿನಕ್ಕೆ 75 ಎಸೆತ, 11-12ಕ್ಕೆ 85, 13ರಿಂದ 16ರವರೆಗೆ 95. ಜಪಾನಿನಲ್ಲಿ ನೂರಾರು ಎಸೆತ ಎಸೆಯುವುದೇ ತಪಸ್ಸು ಎಂದು ನಂಬಿದ್ದ ಪ್ರೌಢಶಾಲಾ ಬೇಸ್‌ಬಾಲ್ ಕೂಡ 2020ರಿಂದ ವಾರಕ್ಕೆ 500 ಎಸೆತಗಳ ಮಿತಿಗೆ ಒಪ್ಪಿತು. ಮಕ್ಕಳ ಮೂಳೆಯ ತುದಿಗಳಲ್ಲಿ ಬೆಳವಣಿಗೆಯ ಭಾಗ ಇನ್ನೂ ಮೃದುವಾಗಿರುತ್ತದೆ. ಹರಿಯುವ ಮೊದಲು ಅದು ನೋಯುತ್ತದೆ, ಆ ನೋವನ್ನು ಮಗು ಹೇಳುವುದಿಲ್ಲ, ತಂಡದಿಂದ ಬಿಡುತ್ತಾರೆ ಎಂಬ ಹೆದರಿಕೆ.

ನನ್ನದೇ ತಪ್ಪು ಒಂದಿದೆ. ಕೆಲವು ವರ್ಷಗಳ ಹಿಂದೆ ಹದಿಮೂರರ ಹುಡುಗಿಯೊಬ್ಬಳಿಗೆ ಡ್ರ್ಯಾಗ್‌ಫ್ಲಿಕ್ ಚೆನ್ನಾಗಿ ಬರುತ್ತಿದೆ ಎಂಬ ಖುಷಿಯಲ್ಲಿ ದಿನವೂ ನೂರರ ಹತ್ತಿರ ಹೊಡೆಸಿದೆ. ಎರಡೇ ತಿಂಗಳಿಗೆ ಅವಳಿಗೆ ಬಗ್ಗಲಾಗದಷ್ಟು ಬೆನ್ನುನೋವು. ನಾಲ್ಕು ತಿಂಗಳು ಆಟ ಬಿಟ್ಟಳು. ಆಮೇಲೆ ಎಸೆತ ಎಣಿಸುವ ಬೇಸ್‌ಬಾಲ್‌ನವರ ಪದ್ಧತಿಯನ್ನು ಓದಿ ತಿಳಿದುಕೊಂಡೆ. ಈಗ ಗೋಲ್‌ಪೋಸ್ಟ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಹದಿನಾಲ್ಕರ ಒಳಗಿನವರಿಗೆ ಪೂರ್ಣಬಲದ ಫ್ಲಿಕ್ ದಿನಕ್ಕೆ ಮೂವತ್ತು, ವಾರಕ್ಕೆ ಮೂರೇ ದಿನ. ಮಳೆಗಾಲದ ಎರಡು ತಿಂಗಳು ಫ್ಲಿಕ್ ಪೂರ್ತಿ ಬಂದ್. ಆಗ ಅವರು ಫುಟ್‌ಬಾಲ್ ಆಡುತ್ತಾರೆ, ಕೆಸರಿನಲ್ಲಿ. ಹಾಕಿ ಬಿಟ್ಟು ಫುಟ್‌ಬಾಲ್ ಏಕೆ ಎಂದು ಪೋಷಕರು ಕೇಳಿದಾಗ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದ ನಮ್ಮ ಎಂ.ಪಿ. ಗಣೇಶ್ ಮೊದಲು ಕೊಡಗು ಜಿಲ್ಲೆಯ ಪರ ಫುಟ್‌ಬಾಲ್ ಆಡುತ್ತಿದ್ದರು ಎಂದು ಹೇಳುತ್ತೇನೆ. ಆ ಹುಡುಗಿ ಮರಳಿ ಬಂದಿದ್ದಾಳೆ. ನೋಟ್‌ಬುಕ್ ಈಗ ಅವಳ ಕೈಯಲ್ಲೇ ಇದೆ, ಚಿಕ್ಕವರ ಲೆಕ್ಕ ಬರೆಯುವವಳು ಅವಳೇ, ಮೂವತ್ತೊಂದನೆಯದಕ್ಕೆ ಚೆಂಡು ಎತ್ತಿಟ್ಟುಬಿಡುತ್ತಾಳೆ.